ಇರ್ಲೋ, ತಗೀಲೋ?

ಅವರು ತೀರಿಕೊಂಡು ನಲವತ್ತು ದಿನದ ಮೇಲಾಯಿತು. ಬೆಳಗಾವಿಯ ಒಂದು ಮಾಸಪತ್ರಿಕೆಯವರು ಫೋನ್ ಮಾಡಿ, ನೀವು ಅವರ ಜೊತೆ ಇಪ್ಪತ್ತು ವರ್ಷಕ್ಕಿಂತ ಹೆಚ್ಚು ಕೆಲಸ ಮಾಡಿದವರು, ನಾಲ್ಕು ಪುಟ ಬರೆದುಕೊಡಿ ಎಂದರು. ನಾನು ಹತ್ತನೇ ಇಯತ್ತೆ ಪಾಸಾದವನು. ಬರೆಯುವ ರೂಢಿ ಇಲ್ಲ. ನನ್ನ ಕೆಲಸ ಕೇಳುವುದು. ಕಿವಿಗೆ ಹೆಡ್‌ಫೋನ್ ಹಾಕಿಕೊಂಡು, ಉದ್ದನೆಯ ಕೋಲಿನ ತುದಿಗೆ ಮೈಕ್ ಕಟ್ಟಿಕೊಂಡು, ಅವರ ಸಾಕ್ಷ್ಯಚಿತ್ರಗಳಿಗೂ ಟಿವಿ ಕಾರ್ಯಕ್ರಮಗಳಿಗೂ ಧ್ವನಿ ಹಿಡಿಯುತ್ತಿದ್ದೆ.

ಮೂರು ಸಲ ಬರೆದೆ. ಮೂರು ಸಲವೂ ಹರಿದೆ. ಮೂರರಲ್ಲಿಯೂ ಒಂದು ಸಂಗತಿ ಬಿಟ್ಟಿದ್ದೆ. ಹುಕ್ಕೇರಿ ಊರಿನ ಒಂದು ಮನೆಯಲ್ಲಿ ಹದಿನಾಲ್ಕು ವರ್ಷಗಳಿಂದ ಅವರ ಹೆಸರಿನ ಮೇಲೆ ಒಂದು ತಪ್ಪು ಕೂತಿದೆ. ಆ ತಪ್ಪು ಮಾಡಿದವನು ನಾನು. ಅವರು ಅದನ್ನು ತಮ್ಮದೆಂದು ಹೇಳಿಬಿಟ್ಟರು, ನಾನು ಸುಮ್ಮನೆ ನಿಂತಿದ್ದೆ. ಅದನ್ನು ಹೇಳದೆ ಅವರ ಬಗ್ಗೆ ಬೇರೆ ಏನು ಬರೆದರೂ ಅದು ಬರೇ ಹೊಗಳಿಕೆಯಾಗುತ್ತದೆ. ಹೊಗಳಿಕೆ ಅವರಿಗೆ ಆಗುತ್ತಿರಲಿಲ್ಲ. ಯಾರಾದರೂ ಸನ್ಮಾನ ಅಂತ ಶಾಲು ಹೊದಿಸಿದರೆ, ಆ ಶಾಲನ್ನು ವ್ಯಾನಿನಲ್ಲಿ ಕ್ಯಾಮೆರಾದ ಪೆಟ್ಟಿಗೆ ಅಲುಗಾಡದ ಹಾಗೆ ಸಂದಿಗೆ ತುರುಕುತ್ತಿದ್ದರು.

ನಾನು ಮೂಡಲಗಿಯವನು. ನಮ್ಮ ಅಬ್ಬಾ ತಾಮ್ರ, ಹಿತ್ತಾಳೆಯ ಪಾತ್ರೆಗಳಿಗೆ ಕಲಾಯಿ ಹಾಕುತ್ತಿದ್ದರು. ನಾನು ಮದುವೆಯ ವಿಡಿಯೋ ತೆಗೆಯುತ್ತಿದ್ದೆ. ಒಂದು ಮದುವೆಗೆ ಅವರು ಬೀಗರ ಕಡೆಯಿಂದ ಬಂದಿದ್ದರು. ಬೆಂಗಳೂರಿನ ಟಿವಿ ನೌಕರಿ ಬಿಟ್ಟು ಗೋಕಾಕಿಗೆ ಬಂದು ತಮ್ಮದೇ ಚಿತ್ರ ತೆಗೆಯುತ್ತಾರೆಂದು ಕೇಳಿದ್ದೆ. ಅಕ್ಕಿಕಾಳು ಬೀಳುವ ಹೊತ್ತಿಗೆ ನಾನು ಮಂಟಪದ ಹತ್ತಿರ ಇರಲಿಲ್ಲ. ಹಿಂದೆ ಅಡುಗೆಯವರ ಕಡೆ ಕ್ಯಾಮೆರಾ ಹಿಡಿದು ನಿಂತಿದ್ದೆ. ಹೆಣ್ಣಿನ ಅಪ್ಪ ಬಂದು ಬಾಯಿಗೆ ಬಂದ ಹಾಗೆ ಬೈದು ಹೋದರು. ಆಮೇಲೆ ಇವರು ಬಂದರು.

"ಮದುಮಗಳನ್ನ ಬಿಟ್ಟು ಅಡಿಗಿ ಮಾಡಾವರನ್ನ ಯಾಕ ಹಿಡದಿ?"

"ಇಲ್ಲಿ ಸಪ್ಪಳ ಚಲೋ ಇತ್ತರಿ. ಹಂಡೇದಾಗ ಇನ್ನ ಎಷ್ಟು ಸಾರು ಉಳದೈತಿ ಅನ್ನೂದು ಸೌಟಿನ ಸಪ್ಪಳದಾಗ ಗೊತ್ತಾಗತೈತ್ರಿ."

ಅವರು ನಗಲಿಲ್ಲ. "ಸೋಮವಾರ ಗೋಕಾಕಿಗೆ ಬಾ. ಕ್ಯಾಮೆರಾ ತರಬ್ಯಾಡ. ಕಿವಿ ತಗೊಂಡು ಬಾ," ಎಂದರು.

ಹೋದೆ. ಅವತ್ತಿನಿಂದ ನಾನು ಅವರನ್ನು ಸರ್ ಎಂದೆ. ಅವರು ನನಗೆ ತಮ್ಮಾ ಎನ್ನುತ್ತಿದ್ದರು.

ಅವರ ಅಂಗಿಗೆ ಎರಡು ಕಿಸೆ ಇರಲೇಬೇಕಿತ್ತು. ಒಂದರಲ್ಲಿ ಕ್ಯಾಮೆರಾದ ಗಾಜು ಒರೆಸುವ ಬಿಳಿ ಕರವಸ್ತ್ರ, ಇನ್ನೊಂದರಲ್ಲಿ ತಮ್ಮ ಮುಖ ಒರೆಸಿಕೊಳ್ಳುವ ಕರವಸ್ತ್ರ. ಎಷ್ಟು ಬಿಸಿಲಿದ್ದರೂ ಅದಲುಬದಲು ಆದದ್ದನ್ನು ನಾನು ನೋಡಲಿಲ್ಲ. ಚಿತ್ರದಲ್ಲಿ ಮಾತಾಡುವವರ ಮನೆಯಲ್ಲಿ ಕುರ್ಚಿ ಕೊಟ್ಟರೆ ಕೂಡುತ್ತಿರಲಿಲ್ಲ. ಅವರು ಹೊರಸಿನ ಮೇಲಿದ್ದರೆ ಇವರು ನೆಲಕ್ಕೆ, ಅವರು ನೆಲಕ್ಕೆ ಕೂತರೆ ಇವರು ಅಂಗಳಕ್ಕಿಳಿದು ಒಂದು ಮೆಟ್ಟಿಲು ಕೆಳಗೆ. ಚಿತ್ರೀಕರಣ ಶುರುವಾಗುವಾಗ ಬೇರೆಯವರ ಹಾಗೆ ಕೂಗುತ್ತಿರಲಿಲ್ಲ. "ನಡೀಲಿ ನಿಮ್ಮದು," ಎಂದಷ್ಟೇ ಹೇಳಿ ಸುಮ್ಮನಾಗುತ್ತಿದ್ದರು.

ಆ ಸುಮ್ಮನಿರುವಿಕೆಯೇ ಅವರ ದೊಡ್ಡ ವಿದ್ಯೆ. ಪ್ರಶ್ನೆ ಕೇಳುತ್ತಿದ್ದರು. ಎದುರಿನವರು ಉತ್ತರ ಹೇಳಿ ಮುಗಿಸುತ್ತಿದ್ದರು. ಇವರು ಮುಂದಿನ ಪ್ರಶ್ನೆ ಕೇಳುತ್ತಲೇ ಇರಲಿಲ್ಲ. ಕ್ಯಾಮೆರಾ ಓಡುತ್ತಿತ್ತು. ಮೈಕ್ ಹಿಡಿದ ನನ್ನ ತೋಳು ನಡುಗುತ್ತಿತ್ತು. "ಮೊದಲ ಬರೂದು ನಮಗ ಹೇಳೂ ಉತ್ತರ. ಅದು ಮುಗದ ಮ್ಯಾಲೆ ತಮಗ ತಾವ ಹೇಳಿಕೊಳ್ಳೂದು ಒಂದು ಬರತೈತಿ. ಅದಕ್ಕ ಜಾಗಾ ಬಿಡಬೇಕು," ಎನ್ನುತ್ತಿದ್ದರು. ನನಗೆ ಮೊದಮೊದಲು ಭಯವಾಗುತ್ತಿತ್ತು. ಒಬ್ಬ ಮನುಷ್ಯನನ್ನು ಹಾಗೆ ಕೂರಿಸಿಕೊಂಡು ಕಾಯುವುದು ಬಾವಿಯೊಳಗೆ ಇಣುಕಿದ ಹಾಗೆ ಅನಿಸುತ್ತಿತ್ತು.

ಗೋಕಾಕದಲ್ಲಿ ಕಟ್ಟಿಗೆಯ ಹಣ್ಣು ಮಾಡುವ ಒಬ್ಬ ಕುಶಲಕರ್ಮಿಯ ಚಿತ್ರ ತೆಗೆಯುವಾಗ ಕ್ಯಾಮೆರಾದ ಹುಡುಗರು ಪೇರಲ ಹಣ್ಣಿಗೆ ಎರಡನೇ ಬಣ್ಣ ಬೇಗ ಹಚ್ಚಿರಿ ಎಂದು ಅವಸರ ಮಾಡಿದರು. ಆ ಹಿರಿಯರು, "ಮೊದಲಿನ ಬಣ್ಣ ಒಣಗೂತನಾ ನಾ ಹಚ್ಚಂಗಿಲ್ರಿ. ನಿಮಗ ಗಡಿಬಿಡಿ ಇದ್ದರ ಖರೇ ಪೇರಲ ತಗೊಂಡು ಫೋಟೋ ಹೊಡೀರಿ," ಎಂದುಬಿಟ್ಟರು. ಸರ್ ಅವರ ಬಾಜೂ ಗೋಡೆಗೆ ಒರಗಿ ಮಧ್ಯಾಹ್ನದವರೆಗೆ ಬಣ್ಣ ಒಣಗುವುದನ್ನು ನೋಡುತ್ತ ಕೂತರು. ಇಬ್ಬರೂ ನಾಲ್ಕು ಮಾತು ಆಡಿರಲಿಕ್ಕಿಲ್ಲ. ಹೊರಡುವಾಗ ಆ ಹಿರಿಯರು ನನ್ನನ್ನು ಕರೆದು, "ನಿಮ್ಮ ಸಾಹೇಬರು ಮಾತು ಭಾಳ ಆಡತಾರ ನೋಡ್ರಿ," ಎಂದು ಕಣ್ಣು ಮಿಟುಕಿಸಿದರು.

ಅವರ ಕೆಲಸಕ್ಕೆ ಒಂದು ನಿಯಮವಿತ್ತು. ಚಿತ್ರದಲ್ಲಿ ಯಾರ ಮುಖವಿದೆಯೋ ಅವರು ಅದನ್ನು ಮೊದಲು ನೋಡಬೇಕು. ಟಿವಿಯವರಿಗೆ ಕಳಿಸುವ ಮೊದಲು ಆ ಊರಿಗೆ ಹೋಗಿ, ಆ ಮನೆಯ ಗೋಡೆಗೆ ಬಿಳಿ ಹಾಸಿಗೆ ವಸ್ತ್ರ ಕಟ್ಟಿ ತೋರಿಸುತ್ತಿದ್ದರು. ಒಬ್ಬರೇ ಇದ್ದರೆ ಸಣ್ಣ ಪರದೆಯಲ್ಲಿ ತೋರಿಸುತ್ತಿದ್ದರು. ಒಂದೊಂದು ಮಾತು ಮುಗಿದಾಗಲೂ ನಿಲ್ಲಿಸಿ ಕೇಳುತ್ತಿದ್ದರು: "ಇರ್ಲೋ, ತಗೀಲೋ?" ಇರಲಿ ಎಂದರೆ ಇರುತ್ತಿತ್ತು. ತೆಗೆಯಿರಿ ಎಂದರೆ ಯಾಕೆಂದು ಕೇಳದೆ ತೆಗೆಯುತ್ತಿದ್ದರು.

ಕಲ್ಲೋಳಿಯಲ್ಲಿ ಬೆಲ್ಲದ ಗಾಣದವರೊಬ್ಬರ ಮೇಲೆ ಚಿತ್ರ ಮಾಡಿದ್ದೆವು. ಕುದಿಯುವ ಕೊಪ್ಪರಿಗೆಯ ಉಗಿಯ ಹಿಂದೆ ಅವರು ಬರಿಮೈಯಲ್ಲಿ ನಿಂತು ಪಾಕ ನೋಡುವ ಒಂದು ತುಣುಕಿತ್ತು. ಅಷ್ಟು ಚಂದದ್ದು ನಾವು ಆ ವರ್ಷ ಬೇರೆ ತೆಗೆದಿರಲಿಲ್ಲ. ಅವರು ನೋಡಿದರು. ಹೆಂಡತಿಯ ಕಡೆ ಒಮ್ಮೆ ನೋಡಿದರು.

"ಹೊಟ್ಟಿ ಭಾಳ ಕಾಣಾಕತ್ತೈತ್ರಿ. ಅದನ್ನ ತಗೀರಿ."

"ಹೊಟ್ಟಿ ಇದ್ದದ್ದ ಕಾಣತೈತಿ," ಎಂದಳು ಹೆಂಡತಿ.

"ನೀ ಸುಮ್ಮಿರು. ಬೀಗರು ನೋಡತಾರ."

ಸರ್ ಅದನ್ನು ತೆಗೆದರು. ಕ್ಯಾಮೆರಾದವನು ವ್ಯಾನಿನಲ್ಲಿ ಅಳುವುದೊಂದು ಬಾಕಿ. ಸರ್ ಹೇಳಿದ್ದು ಒಂದೇ ಮಾತು: "ಹೊಟ್ಟಿ ಅವರದೋ, ನಿಂದೋ?" ಟಿವಿಯ ಅಧಿಕಾರಿಯೊಬ್ಬರು ಇದನ್ನು ಕೇಳಿ, ನಿಮ್ಮ ಸಂಕಲನಕಾರರು ಯಾರು, ಗಾಣದವರೇನು ಎಂದು ಚೇಷ್ಟೆ ಮಾಡಿದ್ದರಂತೆ. "ಹೌದ್ರಿ, ಆ ವಾರ ಅವರ ಇದ್ದರು," ಎಂದರಂತೆ ಇವರು.

ಈಗ ಆ ಚಿತ್ರದ ವಿಷಯಕ್ಕೆ ಬರುತ್ತೇನೆ.

ನಿಂತುಹೋಗುತ್ತಿರುವ ಕಸುಬುಗಳ ಮೇಲೆ ವಾರಕ್ಕೆ ಅರ್ಧ ಗಂಟೆಯ ಸರಣಿ ಅದು. ಅವರ ಕೈಗೆ ಬಂದ ಕೆಲಸಗಳಲ್ಲಿ ಅದೇ ದೊಡ್ಡದು. ಯಮಕನಮರಡಿಯಿಂದ ಒಳಗೆ, ಹೊಳೆಯ ದಂಡೆಯ ಒಂದು ಹಳ್ಳಿಯಲ್ಲಿ ಒಬ್ಬ ಅಂಬಿಗರಿದ್ದರು. ಸೇತುವೆಯಾಗಿ ಬಹಳ ವರ್ಷಗಳಾಗಿದ್ದವು. ಅವರ ದೋಣಿ ದಂಡೆಯ ಮೇಲೆ ಬೋರಲು ಬಿದ್ದಿತ್ತು. ಸೇತುವೆಗಿಂತ ಮೊದಲು, ಮಳೆಗಾಲದ ಒಂದು ಸಂತೆಯ ದಿನ ಆ ದೋಣಿ ಮಗುಚಿ ಇಬ್ಬರು ಹೆಣ್ಣುಮಕ್ಕಳು ತೀರಿಹೋಗಿದ್ದರು. ಅವತ್ತು ದೋಣಿ ನಡೆಸಿದವನು ಅಂಬಿಗರ ಅಣ್ಣ ಎಂದು ಊರೆಲ್ಲ ಹೇಳುತ್ತಿತ್ತು. ಪಂಚರ ಮುಂದೆ ಅಣ್ಣನೇ ಹಾಗೆ ಹೇಳಿದ್ದನಂತೆ. ಆಮೇಲೆ ಯಾರೂ ಅವನ ಕೈಯ ದೋಣಿಗೆ ಕಾಲಿಡಲಿಲ್ಲ. ಅವನು ಕೂಲಿ ಮಾಡಿ ಬದುಕಿ, ಬೇಗ ಸತ್ತ. ಅವನ ಹೆಂಡತಿ, ಮಗ, ಈ ತಮ್ಮ ಎಲ್ಲರೂ ಒಂದೇ ಮನೆ, ಒಂದೇ ಒಲೆ. ತಮ್ಮನಿಗೆ ಮದುವೆಯಾಗಿರಲಿಲ್ಲ. ಅಣ್ಣನ ಹೆಂಡತಿಗೆ ಅವರು ವೈನಿ ಎನ್ನುತ್ತಿದ್ದರು. ವೈನಿ ಹಾಕಿದ ರೊಟ್ಟಿ ಉಂಡು ಅವರಿಗೆ ವಯಸ್ಸಾಗಿತ್ತು.

ಸರ್ ಅಂಬಿಗರಿಗೆ ಮಗುಚಿದ ದೋಣಿಯ ವಿಷಯ ಕೇಳಲಿಲ್ಲ. ದೋಣಿಗೆ ಯಾವ ಕಟ್ಟಿಗೆ, ಡಾಂಬರು ಹೇಗೆ ಬಳಿಯುತ್ತಿದ್ದಿರಿ, ಇಂಥದ್ದೇ ಕೇಳಿದರು. ಅಂಬಿಗರು ಹೇಳಿ ಮುಗಿಸಿದರು. ಸರ್ ಎಂದಿನ ಹಾಗೆ ಸುಮ್ಮನಾದರು. ಅವತ್ತು ಬೆಳಗಿನಿಂದ ಗಾಳಿ ಬೀಸುತ್ತಿತ್ತು, ಮೈಕಿಗೆ ತೊಂದರೆ ಕೊಡುತ್ತಿತ್ತು. ಆ ಹೊತ್ತಿಗೆ ಗಾಳಿ ನಿಂತಿತು. ದಂಡೆಗೆ ನೀರು ತಾಕುವ ಸಪ್ಪಳ ಕಿವಿಗೆ ಒಂದೊಂದಾಗಿ ಬರತೊಡಗಿತು. ಅಂಬಿಗರು ತಮ್ಮ ಎರಡೂ ಅಂಗೈ ನೋಡಿಕೊಂಡರು.

"ಎಲ್ಲಾರೂ ನಮ್ಮಣ್ಣ ಅಂತಾರ. ಅಂವಾ ಹಿಂದ ಕುಂತಿದ್ದ. ಮಂದಿ ಭಾಳ ಆಗೇತಿ, ಬ್ಯಾಡೋ ಅಂದ. ನಾ ಕೇಳಲಿಲ್ಲ. ಹುಟ್ಟು ನನ್ನ ಕೈಯಾಗಿತ್ತು."

ಹೆಡ್‌ಫೋನಿನಲ್ಲಿ ಆ ಮಾತು ನನ್ನ ತಲೆಯೊಳಗೇ ಯಾರೋ ಆಡಿದ ಹಾಗೆ ಕೇಳಿಸಿತು. ನನ್ನ ಜೀವಮಾನದಲ್ಲಿ ಅಷ್ಟು ಸ್ವಚ್ಛವಾಗಿ ಒಬ್ಬ ಮನುಷ್ಯನ ಧ್ವನಿ ಹಿಡಿದದ್ದು ಅದೊಂದೇ ಸಲ.

ಹೊರಡುವಾಗ ಅಂಬಿಗರು ಸರ್ ಅವರ ಕೈ ಹಿಡಿದುಕೊಂಡರು. "ವೈನಿ ಮುಂದ ಇದನ್ನ ನಾ ಇನ್ನೂ ಹೇಳಿಲ್ರಿ. ಮೊದಲ ನಾ ಹೇಳತೇನಿ. ಆಮ್ಯಾಲೆ ನೀವು ತೋರಸ್ರಿ."

"ನೀವು ಹೇಳೂತನಾ ಇದು ಎಲ್ಲಿಗೂ ಹೋಗಂಗಿಲ್ಲ," ಎಂದರು ಸರ್.

ಸರ್ ಗೋಕಾಕಿನಲ್ಲಿ ಆ ಚಿತ್ರವನ್ನು ಎರಡು ರೀತಿ ಸಿದ್ಧಮಾಡಿದರು. ಒಂದರಲ್ಲಿ ಆ ಮಾತು ಇತ್ತು, ಇನ್ನೊಂದರಲ್ಲಿ ಇರಲಿಲ್ಲ. ಕಳಿಸುವ ದಿನ ಬಂತು. ಬೆಂಗಳೂರಿಗೆ ಹೋಗುವವರೊಬ್ಬರ ಕೈಯಲ್ಲಿ ಡಿಸ್ಕ್ ಕೊಡಬೇಕಾಗಿತ್ತು. ಮಧ್ಯಾಹ್ನ ಎರಡಕ್ಕೆ ಅವರ ಬಸ್ಸು. ಬೆಳಿಗ್ಗೆ ಸರ್ ನನ್ನ ಕೈಗೆ ಲ್ಯಾಪ್‌ಟಾಪ್ ಕೊಟ್ಟರು.

"ವೈನಿಗೆ ಹೇಳ್ಯಾರೇನು ಅಂತ ಮೊದಲ ಕೇಳು. ಹೇಳಿದ್ದರ ಇಬ್ಬರಿಗೂ ತೋರಸು. ಇರ್ಲೋ ತಗೀಲೋ ಕೇಳು. ಒಂದೂವರಿಯೊಳಗ ಫೋನ್ ಮಾಡು."

ನಾನು ಮೋಟಾರ್ ಸೈಕಲ್ ಮೇಲೆ ಹೋದೆ. ಹನ್ನೆರಡಕ್ಕೆ ಮುಟ್ಟಿದೆ. ಮನೆಗೆ ಬೀಗ. ಬಾಜೂ ಮನೆಯ ಹೆಣ್ಣುಮಗಳು, "ಇಬ್ಬರೂ ಕೂಡಿ ಎಲ್ಲೋ ಹೋದರ್ರಿ. ಸಂಜೀಗೆ ಬರತಾರ," ಎಂದಳು. ಮಗ ಹುಕ್ಕೇರಿಯಲ್ಲಿ ಟಾಯರ್ ಪಂಕ್ಚರ್ ಅಂಗಡಿ ಇಟ್ಟಿದ್ದ, ಅವನು ವಾರಕ್ಕೊಮ್ಮೆ ಬರುವವನು. ಹೊಳೆಯ ತನಕ ಹೋಗಿ ನೋಡಿದೆ. ದೋಣಿಯ ಹತ್ತಿರ ಇರಲಿಲ್ಲ. ಸೇತುವೆಯ ಮೇಲೆ ನಿಂತು ಆಚೆ ಈಚೆ ನೋಡಿದೆ. ಒಂದು ಗಂಟೆಯಾಯಿತು. ಒಂದೂ ಕಾಲು. ಲ್ಯಾಪ್‌ಟಾಪಿನ ಚೀಲ ಹೆಗಲಿಗೆ ಒತ್ತುತ್ತಿತ್ತು. ಸಿಗಲಿಲ್ಲ ಎಂದು ಹೇಳಿದರೆ ಆ ಮಾತಿಲ್ಲದ ಚಿತ್ರ ಹೋಗುತ್ತದೆ. ಆ ಗಾಳಿ ನಿಂತದ್ದು, ಆ ನೀರು, ಆ ಧ್ವನಿ ಯಾವುದೂ ಯಾರಿಗೂ ಕೇಳಿಸುವುದಿಲ್ಲ. ಅವರು ಇಷ್ಟು ದಿನದಲ್ಲಿ ಹೇಳಿಯೇ ಇರುತ್ತಾರೆ ಎಂದು ನನಗೆ ನಾನೇ ಹೇಳಿಕೊಂಡೆ.

ಫೋನ್ ಹಚ್ಚಿದೆ.

"ಹೇಳು ತಮ್ಮಾ."

"ಹೂಂ ಅಂದಾರ್ರಿ."

"ನೋಡಿದರೇನು?"

"ನೋಡಿದ್ರರಿ."

"ವೈನಿ?"

"ಅವರೂ."

ಆಚೆ ಕಡೆ ಸರ್ ಸುಮ್ಮನಾದರು. ಎರಡನೇ ಉತ್ತರಕ್ಕೆ ಜಾಗ ಬಿಟ್ಟಿದ್ದರು. ಎಷ್ಟೋ ಮಂದಿಯ ಎದುರು ಆ ಮೌನವನ್ನು ನಾನು ಮೈಕ್ ಹಿಡಿದು ಕಾಯ್ದವನು. ಅವತ್ತು ಅದು ನನ್ನ ಕಡೆ ತಿರುಗಿತ್ತು.  ನಾನು ಬಾಯಿ ತೆರೆಯಲಿಲ್ಲ.

"ಆತು. ನಿನ್ನ ಮಾತಿನ ಮ್ಯಾಲೆ ಕಳಸ್ತೇನಿ," ಎಂದು ಫೋನ್ ಇಟ್ಟರು.

ಸಂಜೆಯವರೆಗೆ ಅಲ್ಲೇ ಇದ್ದು ಅವರಿಗೆ ತೋರಿಸಿಬಿಡಬಹುದಾಗಿತ್ತು. ಬೇಡ ಎಂದುಬಿಟ್ಟರೆ ಏನು ಮಾಡಲಿ ಎಂದು ಹೆದರಿ ವಾಪಸ್ಸು ಬಂದೆ.

ನಾಲ್ಕನೆಯ ದಿನ ಅದು ಟಿವಿಯಲ್ಲಿ ಬಂತು. ತಮ್ಮ ಊರಿನವರು ಟಿವಿಯಲ್ಲಿ ಬರುತ್ತಾರೆಂದು ಓಣಿಯ ಮಂದಿ ಅಂಬಿಗರ ಮನೆಯಲ್ಲಿ ಸೇರಿದ್ದರು. ಅಂಬಿಗರು ನಿಶ್ಚಿಂತೆಯಿಂದ ಮುಂದೆ ಕೂತಿದ್ದರು. ಯಾರೂ ಬಂದು ತೋರಿಸಿಲ್ಲ, ಕೇಳಿಲ್ಲ, ಅಂದ ಮೇಲೆ ಆ ಮಾತು ಇರುವುದಿಲ್ಲ ಎಂದು ನಂಬಿದ್ದರು. ವೈನಿ ಒಲೆಯ ಹತ್ತಿರದಿಂದ ಕೈ ಒರೆಸಿಕೊಳ್ಳುತ್ತ ಬಂದು ಬಾಗಿಲಲ್ಲಿ ನಿಂತಿದ್ದಳು. ಅಲ್ಲಿ ನಿಂತೇ ಕೇಳಿದಳು.

ಆಕೆ ಅಳಲಿಲ್ಲವಂತೆ. "ಇಷ್ಟ ವರ್ಷ ನನ್ನ ಕೈಲೆ ಉಂಡಿ. ಆಗ ಹೇಳಲಿಲ್ಲ. ಟಿವಿಗೆ ಹೇಳಿದಿ," ಎಂದಷ್ಟೇ ಅಂದು, ಮರುದಿನ ಬೆಳಗಿನ ಬಸ್ಸಿಗೆ ಮಗನ ಹತ್ತಿರ ಹುಕ್ಕೇರಿಗೆ ಹೋದಳು.

ಮಗ ಸರ್ ಅವರಿಗೆ ಫೋನ್ ಮಾಡಿದ. ಸರ್ ಫೋನ್ ಇಟ್ಟು ನನ್ನನ್ನು ನೋಡಿದರು.  ಗೋಡೆಯ ಮೊಳೆಯಿಂದ ಗಾಡಿಯ ಕೀಲಿ ತೆಗೆದು ನನ್ನ ಕೈಗೆ ಕೊಟ್ಟರು. ನಾನು ನಡೆಸಿದೆ, ಅವರು ಹಿಂದೆ ಕೂತರು. ಗೋಕಾಕ ಬಿಟ್ಟು ಆ ಹಳ್ಳಿ ಮುಟ್ಟುವತನಕ ಒಂದು ಮಾತಿಲ್ಲ. ಅವರು ಬೈದಿದ್ದರೆ ಗಾಳಿಯಲ್ಲಿ ಹೋಗುತ್ತಿತ್ತು.

ಅಂಬಿಗರು ಹೊರಸಿನ ಮೇಲೆ ಗೋಡೆಯ ಕಡೆ ಮುಖ ಮಾಡಿ ಮಲಗಿದ್ದರು. ಮಗ ಹುಕ್ಕೇರಿಯಿಂದ ಬಂದು ಅಂಗಳದಲ್ಲಿ ನಿಂತಿದ್ದ. ಓಣಿಯವರು ಬಾಗಿಲುಗಳಲ್ಲಿದ್ದರು.

"ಯಾರನ್ನ ಕೇಳಿ ಹಾಕಿದ್ರಿ?" ಎಂದು ಅವನು ಮುಂದೆ ಬಂದ. "ಕೇಳದ ಹಾಕಂಗಿಲ್ಲ ಅಂದಿದ್ದಿರಂತ. ನಮ್ಮ ಕಾಕಾ ನಿಮ್ಮನ್ನ ದೇವರು ಅಂತ ತಿಳಕೊಂಡಿದ್ದ. ಯಾರನ್ನ ಕೇಳಿದ್ರಿ? ಹೇಳ್ರಲಾ!"

ನಾನು ಬಾಯಿ ತೆರೆದೆ. ಖರೆ ಹೇಳುತ್ತೇನೆ, ತೆರೆದಿದ್ದೆ. ಮಾತು ಬರುವಷ್ಟರಲ್ಲಿ ಸರ್ ನನ್ನ ಮುಂದೆ ಬಂದು ನಿಂತರು.

"ಯಾರನ್ನೂ ಕೇಳಲಿಲ್ಲ. ಅವಸರ ಮಾಡಿದೆ. ತಪ್ಪು ನಂದು."

ಮಗ ಅವರ ಅಂಗಿಯ ಎದೆ ಹಿಡಿದ. ಬಿಳಿ ಕರವಸ್ತ್ರ ಕೆಳಗೆ ಬಿತ್ತು. ಸರ್ ಅಲುಗಾಡಲಿಲ್ಲ. ಯಾರೋ ಹಿರಿಯರು ಬಂದು ಬಿಡಿಸಿದರು. ಸರ್ ಒಳಗೆ ಹೋಗಿ ಹೊರಸಿನ ಕೆಳಗೆ ನೆಲಕ್ಕೆ ಕೂತರು. ಅಂಬಿಗರು ತಿರುಗಲಿಲ್ಲ. ಬಹಳ ಹೊತ್ತಾದ ಮೇಲೆ ಗೋಡೆಗೆ ಹೇಳಿದ ಹಾಗೆ ಹೇಳಿದರು. "ನಾ ಹೇಳಾವಿದ್ದೆ. ಟಿವಿ ಮುಂದಾಗಿ ಹೇಳಿತು."

ಬರುವಾಗ ಯಮಕನಮರಡಿಯಲ್ಲಿ ಗಾಡಿ ನಿಲ್ಲಿಸಲು ಹೇಳಿದರು. ರಸ್ತೆಯ ಬದಿಯ ಚಹಾದಂಗಡಿ. ಲಾರಿಯವರ ಗದ್ದಲ. ಎರಡು ಚಹಾ ಬಂದವು.

"ಸರ್, ಯಾಕ ಹಂಗ ಹೇಳಿದ್ರಿ?"

"ನಿರ್ದೇಶನ ಅಂತ ಕಡೀಗೆ ಯಾರ ಹೆಸರು ಬರತೈತಿ?"

"ನಿಮ್ಮದು."

"ಧ್ವನಿ ಅಂತ ನಿಂದು. ಧ್ವನಿ ಚಲೋ ಬಂದಿತ್ತು," ಎಂದರು. ಆ ಮಾತು ಇವತ್ತಿಗೂ ನನ್ನೊಳಗೆ ಆರಿಲ್ಲ. ಚಹಾ ಮುಗಿಸಿ ಲೋಟ ಕೆಳಗಿಟ್ಟು ಇನ್ನೊಂದು ಹೇಳಿದರು. "ನೀ ಹೇಳೂ ದಿನ ನೀನ ಹೇಳು. ನನ್ನ ಕೇಳಬ್ಯಾಡ."

ಅವರು ಟಿವಿಯವರಿಗೆ ಪತ್ರ ಬರೆದು ಆ ಚಿತ್ರವನ್ನು ಮತ್ತೆ ಹಾಕಬಾರದೆಂದರು. ಕೇಳದೆ ಕಳಿಸಿದ್ದು ತಮ್ಮ ತಪ್ಪೆಂದು ಅದರಲ್ಲೂ ಬರೆದರು. ಸರಣಿ ಅಲ್ಲಿಗೆ ನಿಂತಿತು. ಅಂಥ ದೊಡ್ಡ ಕೆಲಸ ಅವರಿಗೆ ಆಮೇಲೆ ಬರಲಿಲ್ಲ. ಅರಭಾವಿಯ ತೋಟಗಾರಿಕೆ ಕಾಲೇಜಿನಲ್ಲಿ ಓದುವ ಹುಡುಗರಿಗೆ ಮಾವಿನ ಕಸಿ ಕಟ್ಟುವುದು ಹೇಗೆ, ಲಿಂಬೆಗೆ ಔಷಧ ಹೊಡೆಯುವುದು ಹೇಗೆ, ಇಂಥ ಸಣ್ಣ ಚಿತ್ರ ತೆಗೆದರು. ಅದನ್ನೂ ಅದೇ ಶ್ರದ್ಧೆಯಿಂದ ತೆಗೆದರು. ಕಸಿ ಕಟ್ಟುವ ಮಾಲಿಗೆ ತೋರಿಸಿ, ಇರ್ಲೋ ತಗೀಲೋ ಎಂದು ಕೇಳಿದರು. ನನ್ನನ್ನು ಬಿಡಲಿಲ್ಲ. ಬಿಟ್ಟಿದ್ದರೆ ನನಗೆ ಹಗುರಾಗುತ್ತಿತ್ತು.

ತಿಂಗಳಿಗೋ ಎರಡು ತಿಂಗಳಿಗೋ ಒಮ್ಮೆ ಆ ಹಳ್ಳಿಗೆ ಕ್ಯಾಮೆರಾ ಇಲ್ಲದೆ ಹೋಗಿ, ಬೋರಲು ದೋಣಿಯ ಹತ್ತಿರ ಅಂಬಿಗರ ಜೊತೆ ಕೂತು ಬರುತ್ತಿದ್ದರು. ಅಂಬಿಗರು ಎರಡು ವರ್ಷಕ್ಕೆ ತೀರಿಕೊಂಡರು. ವೈನಿ ಮಣ್ಣಿಗೆ ಬಂದಳು, ದೂರ ನಿಂತಿದ್ದು ಹೋದಳು. ಆ ಎರಡು ವರ್ಷ ಮೈದುನನ ಜೊತೆ ಒಂದು ಮಾತಾಡಿರಲಿಲ್ಲ.

ವರ್ಷಕ್ಕೊಮ್ಮೆ, ಯಾವುದೋ ಕೆಲಸದ ನಡುವೆ, ವೈರು ಸುತ್ತುತ್ತಲೋ ವ್ಯಾನಿಗೆ ಪೆಟ್ಟಿಗೆ ಏರಿಸುತ್ತಲೋ ಸರ್ ಕೇಳುತ್ತಿದ್ದರು. "ಹುಕ್ಕೇರಿ ಕಡೆ ಹೋಗಿದ್ದೇನು?"

"ಇಲ್ರಿ."

"ಆತು."

ಅಷ್ಟೇ. ಹಾಗೆ ಹನ್ನೆರಡು ಸಲವೋ ಹದಿಮೂರು ಸಲವೋ.  ಈ ವರ್ಷ ಅವರು ಹಾಸಿಗೆ ಹಿಡಿದರು. ಕೊನೆಯ ವಾರ ಧ್ವನಿ ಹೋಗಿತ್ತು. ನಾನು ಬಾಜೂ ಕೂತಿದ್ದಾಗ ನನ್ನ ಕಡೆ ನೋಡಿ, ಎರಡು ಬೆರಳಿನಿಂದ ದೂರಕ್ಕೆ, ಪಡುವಣ ಕಡೆ ತೋರಿಸಿ ಹುಬ್ಬು ಎತ್ತಿದರು. ನನಗೆ ತಿಳಿಯಿತು. ಇಲ್ಲವೆಂದು ತಲೆ ಅಲ್ಲಾಡಿಸಿದೆ. ಅವರು ಕಣ್ಣು ಮುಚ್ಚಿಕೊಂಡರು. ನಾನು ಎದ್ದು ಹೊರಗೆ ಬಂದೆ. ಅವರನ್ನು ಕೊನೆಯದಾಗಿ ನೋಡಿದ್ದು ಅದೇ.

ಗೋಕಾಕದಲ್ಲಿ ಶ್ರದ್ಧಾಂಜಲಿ ಸಭೆಯಾಯಿತು. ಮಂದಿ ತುಂಬಿತ್ತು. ಮುಗಿದ ಮೇಲೆ ಚಪ್ಪಲಿ ಬಿಟ್ಟ ಜಾಗದಲ್ಲಿ ಒಬ್ಬರು ನನ್ನ ಭುಜ ಮುಟ್ಟಿದರು. ಅಂಬಿಗರ ಅಣ್ಣನ ಮಗ. ಗಡ್ಡ ಬೆಳ್ಳಗಾಗಿತ್ತು.

"ಮನುಷ್ಯಾ ಚಲೋರು ಬಿಡ್ರಿ. ನಮ್ಮ ಕಾಕಾನ ಹತ್ತರ ಬಂದು ಕುಂಡ್ರತಿದ್ದರು, ಗೊತ್ತೈತಿ ನನಗ. ಆದ್ರ ಆ ಒಂದ ಕೆಲಸ ಮಾಡಬಾರದಿತ್ತು. ಕೇಳದ ಹಾಕಿದರು. ನಮ್ಮವ್ವ ಇನ್ನೂ ಮರತಿಲ್ರಿ."

ನಾನು ಅವರ ಮುಖ ನೋಡಿದೆ. ಎಲ್ಲ ಮಾತೂ ನಾಲಗೆಯ ಮೇಲಿತ್ತು.

"ಹೂಂ," ಎಂದೆ.

ಸೇತುವೆಯ ಮೇಲೆ ಫೋನಿನಲ್ಲಿ ಅಂದ ಅದೇ ಹೂಂ. 

ಇದನ್ನೆಲ್ಲ ನಾಲ್ಕನೆಯ ಸಲ ಬರೆದು, ಮೊದಲು ಸರ್ ಅವರ ಹೆಂಡತಿಯ ಹತ್ತಿರ ಒಯ್ದೆ. ನಾವೆಲ್ಲ ಅವರಿಗೆ ಅಕ್ಕಾರು ಎನ್ನುತ್ತೇವೆ. ಕನ್ನಡಕ ಹಾಕಿಕೊಂಡು ಸಾವಕಾಶ ಓದಿದರು. ಎರಡು ಕಡೆ ನಿಲ್ಲಿಸಿದರು. ಮುಗಿದ ಮೇಲೆ ಕಾಗದ ಜೋಡಿಸಿ ನನ್ನ ಕೈಗೇ ಕೊಟ್ಟರು.

"ನನಗ ಯಾಕ ಮೊದಲ ತಂದಿ? ಇದರಾಗ ಯಾರ ಮುಖ ಐತಿ ಅವರ ಹತ್ತರ ಒಯ್ಯಿ. ಇಷ್ಟ ವರ್ಷ ಅವರ ಸಂಗಾಟ ತಿರುಗಿ ಇದ ಕಲತೇನು?"

ಇಲ್ಲಿಂದ ಮುಂದಿನದನ್ನು ಹುಕ್ಕೇರಿಯಿಂದ ಬಂದ ಮೇಲೆ ಬರೆದೆ.

ಬೆಳಿಗ್ಗೆ ಹತ್ತಕ್ಕೆ ಹೋದೆ. ಅಂಗಡಿಯ ಹಿಂದೆಯೇ ಮನೆ. ವೈನಿಗೆ ಕಣ್ಣು ಮಂದವಾಗಿದೆ. ಗೋಡೆಗೆ ಒರಗಿ ಬೆಳ್ಳುಳ್ಳಿ ಸುಲಿಯುತ್ತಿದ್ದರು. ಮಗ ಹೊರಸು ತೋರಿಸಿದರು. ನಾನು ನೆಲಕ್ಕೆ ಕೂತೆ.

"ಯಾರಪಾ?" ಎಂದರು ವೈನಿ.

"ಟಿವಿ ಸಾಹೇಬರ ಸಂಗಾಟ ಬರತಿದ್ದರಲಾ ಯವ್ವಾ, ಮೈಕ್ ಹಿಡ್ಕೊಂಡು. ಅವರು," ಎಂದರು ಮಗ. ಆಕೆಯ ಕೈ ನಿಂತಿತು. ಮತ್ತೆ ಸುಲಿಯತೊಡಗಿದರು.

"ಒಂದು ಬರದೇನಿ. ಛಾಪಿಸೂಕಿಂತ ಮೊದಲ ನಿಮಗ ಓದಿ ತೋರಸಬೇಕು."

ಓದಿದೆ. ಗಾಣದವರ ಹೊಟ್ಟೆಯ ವಿಷಯಕ್ಕೆ ಮಗ ನಕ್ಕರು. ವೈನಿ ನಗಲಿಲ್ಲ. ಅಂಬಿಗರ ಮಾತು ಓದಿದೆ. ಬೀಗ ಹಾಕಿದ ಮನೆ, ಸೇತುವೆ, ಫೋನು. "ಹೂಂ ಅಂದಾರ್ರಿ" ಎಂದು ಓದಿದೆ. ಮಗ ಎದ್ದು ನಿಂತರು. ನನ್ನ ಮೇಲೆ ಅವರ ನೆರಳು ಬಿತ್ತು.

"ಅಂದ್ರ ಅವರಲ್ಲ? ನೀನು? ನಾ ಅವರ ಎದಿ ಮ್ಯಾಲೆ ಕೈ ಹಾಕಿದ್ದೆ. ನೀ ಅಲ್ಲೇ ನಿಂತ ನೋಡಿದಿ."

"ಕುಂಡ್ರು," ಎಂದರು ವೈನಿ. "ಓದಲಿ."

ಅವರು ಕೂಡಲಿಲ್ಲ. ನಿಂತೇ ಕೇಳಿದರು. ನಾನು ಕಡೆಯವರೆಗೆ ಓದಿದೆ.  ಮುಗಿಯಿತು. ಅಂಗಡಿಯ ಮುಂದೆ ಯಾರೋ ಗಾಳಿ ಹಾಕಿಸಲು ಕೂಗಿದರು. ಮಗ ಹೋಗಲಿಲ್ಲ.

"ಅವತ್ತ ಬೀಗಾ ಹಾಕಿ ಎಲ್ಲಿ ಹೋಗಿದ್ದಿವಿ, ಗೊತ್ತೇನು ನಿನಗ?" ಎಂದರು ವೈನಿ.

"ಇಲ್ರಿ."

"ಆ ಹೆಣಮಕ್ಕಳು ಸತ್ತರಲಾ, ಅವರ ಊರಿಗೆ ಕರಕೊಂಡು ಹೋಗಿದ್ದ. ಯಾಕೋ ಅಂದೆ. ಬಾ ವೈನಿ, ಅಂದ. ಅವರ ಮನಿ ಮುಂದ ಗಿಡದ ಬುಡಕ ನಿಂತಿವಿ. ಏನೋ ಹೇಳಾಂವ ಬಾಯಿ ತಗದ, ಹೇಳಲಿಲ್ಲ. ಸಂಜೀ ಬಸ್ಸಿಗೆ ಬಂದಿವಿ. ಮರದಿನಾ ಹೊಳೀಗೆ ಕರದ, ಹೋದೆ. ಅಲ್ಲೂ ಹೇಳಲಿಲ್ಲ." ಒಂದು ಎಸಳು ಸುಲಿದು ತಟ್ಟೆಗೆ ಹಾಕಿದರು. "ಇನ್ನ ನಾಕ ದಿನಾ ಸಿಕ್ಕಿದ್ರ ಹೇಳತಿದ್ದನೋ ಏನೋ. ಆ ನಾಕ ದಿನಾ ನೀ ತಗೊಂಡಿ."

  ನಾನು ಕಾಗದ ಮಡಿಸಿ ಕೆಳಗಿಟ್ಟೆ. ಆಮೇಲೆ ಕೇಳಬೇಕಾದದ್ದನ್ನು ಕೇಳಿದೆ.

"ಇರ್ಲೋ, ತಗೀಲೋ?"

ತಟ್ಟೆಯಲ್ಲಿದ್ದ ಸಿಪ್ಪೆಯನ್ನೆಲ್ಲ ಒಂದು ಕಡೆ ಸರಿಸಿದರು.

"ಇರಲಿ. ನನ್ನ ಗಂಡನ ಕೈಯಾಗ ಅವತ್ತ ಹುಟ್ಟು ಇರಲಿಲ್ಲ ಅಂತ ಇದರಾಗರೆ ಉಳೀಲಿ. ನಿಮ್ಮ ಸಾಹೇಬರ ಕೈಯಾಗೂ ಇರಲಿಲ್ಲ ಅಂತ ಉಳೀಲಿ. ಆದ್ರ ಹೆಸರು ತಗೀ. ನಮ್ಮದು, ನಮ್ಮ ಮೈದುನಂದು, ಅವರದು. ಎಲ್ಲಾರದೂ ತಗೀ. ಮತ್ತ ಊರೆಲ್ಲಾ ಕೂಡಿ ನೋಡೂದು ಬ್ಯಾಡ."

"ನನ್ನದು ಇರಲೇನ್ರಿ?"

"ನಿಂದೂ ತಗೀ. ತಪ್ಪು ಒಪ್ಪಿಕೊಂಡ ಅಂತ ಮಂದಿ ಕಡಿಂದ ಹೊಗಳಿಸ್ಕೋಬ್ಯಾಡ."

ಮಗ ಬಾಗಿಲ ತನಕ ಬಂದರು.  ನಾನು ಗಾಡಿ ಹತ್ತುವಾಗ ಹಿಂದಿನ ಚಕ್ರವನ್ನು ಕಾಲಿನಿಂದ ಒತ್ತಿ ನೋಡಿ, ಪೈಪು ಎಳೆದು ತಂದು ಗಾಳಿ ಹಾಕಿದರು. ನನ್ನ ಮುಖ ನೋಡದೆ ಒಳಗೆ ಹೋದರು.

ಹೆಸರುಗಳನ್ನೆಲ್ಲ ತೆಗೆದಿದ್ದೇನೆ.